ಪಲ್ಟಿ ಆಂಟಿ ಮತ್ತು ನನ್ನ ಪೈಜಾಮ

ವಿಜ್ಞಾನಕ್ಕೆ ನಾನು ಕೊಟ್ಟ ಕಾಣಿಕೆ ಒಂದೇ ಒಂದು. ನೀಲಿ ಗೀಟಿನ ಹತ್ತಿಯ ಪೈಜಾಮ. ನನ್ನ ಜೊತೆ ಓದಿದವರು ಪ್ರಬಂಧ ಬರೆದರು, ಪೇಟೆಂಟ್ ಪಡೆದರು, ಸಮ್ಮೇಳನಗಳಲ್ಲಿ ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡು ಓಡಾಡಿದರು. ನಾನು ಪೈಜಾಮ ಕೊಟ್ಟೆ. ಅದನ್ನು ತೊಟ್ಟು ಮೇರಿಲ್ಯಾಂಡಿನ ಒಂದು ಜಿಮ್ನಾಸ್ಟಿಕ್ಸ್ ಶಾಲೆಯಲ್ಲಿ ತಲೆಕೆಳಗಾಗಿ ನೇತಾಡಿದವರು ನನ್ನ ಗೈಡ್. ಮೈಸೂರಿನ ಹೆಂಗಸು, ಐವತ್ತೈದು ದಾಟಿದ್ದರು, ಅಟ್ಲಾಂಟಾದ ಒಂದು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದರು. ಅವರು ಹೋದ ಸುದ್ದಿಯನ್ನು ಅವರ ಗಂಡ ಫೋನಿನಲ್ಲಿ ಹೇಳಿದಾಗ ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಅವರ ಮುಖವಲ್ಲ, ಆ ಪೈಜಾಮ. ನನ್ನ ಯೋಗ್ಯತೆ ಅಷ್ಟು.

ಕನ್ನಡ ಸಂಘದವರು ಅವರನ್ನು ಬೆನ್ನ ಹಿಂದೆ ‘ಪಲ್ಟಿ ಆಂಟಿ’ ಎನ್ನುತ್ತಿದ್ದರು. ಅದಕ್ಕೆ ಕಾರಣವಿತ್ತು. ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರಿ ಬಂದು, ಎದುರಿಗಿರುವ ಕಡಿದಾದ ದಿಬ್ಬವೊಂದರಿಂದ ಆಕಾಶಕ್ಕೆ ಚಿಮ್ಮಿ, ಅಲ್ಲಿ ಹಿಮ್ಮುಖವಾಗಿ ಲಾಗ ಹಾಕುತ್ತ, ಸಾಲದೆಂಬಂತೆ ಅದೇ ಹೊತ್ತಿನಲ್ಲಿ ಬುಗುರಿಯ ಹಾಗೆ ಮೈಯನ್ನೂ ತಿರುಗಿಸುತ್ತ, ಕೊನೆಗೆ ಏನೂ ಆಗಲೇ ಇಲ್ಲವೆಂಬಂತೆ ಕಾಲ ಮೇಲೆ ಇಳಿಯುವ ಒಂದು ಆಟವಿದೆ. ಏರಿಯಲ್ ಸ್ಕೀಯಿಂಗ್ ಎನ್ನುತ್ತಾರೆ. ಗಾಳಿಯಲ್ಲಿರುವಾಗ ಮನುಷ್ಯನ ಮೈ ಹೇಗೆ ತಿರುಗುತ್ತದೆ, ತಿರುಗಿದ್ದು ಹೇಗೆ ನಿಲ್ಲುತ್ತದೆ ಎಂಬುದೇ ಆಂಟಿಯ ಜೀವಮಾನದ ಅಧ್ಯಯನ. ಸ್ವತಃ ಅವರು ಸ್ಕೀ ಮೇಲೆ ಕಾಲಿಟ್ಟವರಲ್ಲ. ಅಟ್ಲಾಂಟಾದ ಮೇ ತಿಂಗಳಿನಲ್ಲೂ ಸ್ವೆಟರ್ ಹಾಕಿಕೊಳ್ಳುತ್ತಿದ್ದರು. ಶಾಪಿಂಗ್ ಮಾಲಿನಲ್ಲಿ ಎಸ್ಕಲೇಟರ್ ಹತ್ತಲು ಹೆದರಿ, ನನ್ನ ಕೈಯಲ್ಲಿ ಚೀಲ ಕೊಟ್ಟು, ಮೆಟ್ಟಿಲು ಹುಡುಕಿಕೊಂಡು ಹೋಗುತ್ತಿದ್ದರು.

ನಾನು ಅವರ ಹತ್ತಿರ ಹೋದದ್ದು ಲಾಗದ ಮೇಲಿನ ಪ್ರೀತಿಯಿಂದಲ್ಲ. ಉಪಗ್ರಹಗಳ ಮೇಲೆ ಕೆಲಸ ಮಾಡುತ್ತೇನೆಂದು ಮೈಸೂರಿನಿಂದ ಹೊರಟವನು ನಾನು. ಇಲ್ಲಿಗೆ ಬಂದ ಮೇಲೆ ಉಪಗ್ರಹದವರಿಗೆ ನಾನು ಬೇಕಿರಲಿಲ್ಲ. ಫೀಸು ಕಟ್ಟಲು ಅಸಿಸ್ಟೆಂಟ್‌ಶಿಪ್ ಬೇಕಿತ್ತು, ಅದು ಆಂಟಿಯ ಲ್ಯಾಬಿನಲ್ಲಿ ಮಾತ್ರ ಖಾಲಿಯಿತ್ತು. ಮನೆಗೆ ಫೋನ್ ಮಾಡಿ ‘ಆಕಾಶದಲ್ಲಿ ತಿರುಗುವ ವಸ್ತುಗಳ ಚಲನೆ’ಯ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ ಎಂದೆ. ಇದರಲ್ಲಿ ಸುಳ್ಳಿನ ಅಂಶ ಇರಲಿಲ್ಲ. ಅಪ್ಪ ಅದನ್ನು ರಾಕೆಟ್ ಎಂದು ತಿಳಿದು ಕುವೆಂಪುನಗರದ ತುಂಬ ಹೇಳಿಕೊಂಡು ಬಂದರು. ಇವತ್ತಿಗೂ ಆ ಬೀದಿಯಲ್ಲಿ ನಾನು ರಾಕೆಟ್ ಹುಡುಗ.

ಮೊದಲ ದಿನ ನಾನು ‘ಮೇಡಂ’ ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, “ಮೇಡಂ ಅಂದ್ರೆ ಬರೀ ಸಂಬಳ ಕೊಡ್ತೀನಿ. ಆಂಟಿ ಅಂದ್ರೆ ಊಟಾನೂ ಹಾಕ್ತೀನಿ. ಯೋಚನೆ ಮಾಡಿ ಹೇಳು” ಎಂದರು. ನಾನು ಯೋಚನೆ ಮಾಡಲಿಲ್ಲ.

ನನ್ನ ಪಾಠಗಳೆಲ್ಲ ಅವರ ಊಟದ ಮೇಜಿನ ಮೇಲೆ ನಡೆದವು. ಅವರ ಹತ್ತಿರ ಒಂದು ಪ್ಲಾಸ್ಟಿಕ್ ಗೊಂಬೆಯಿತ್ತು, ಕೈಗಳನ್ನು ಮೇಲೆ ಕೆಳಗೆ ಆಡಿಸಬಹುದಾದಂಥದು. ಅದರ ಕಾಲಿಗೆ ಐಸ್‌ಕ್ರೀಮ್ ಕಡ್ಡಿಗಳನ್ನು ಕಟ್ಟಿ ಸ್ಕೀ ಮಾಡಿದ್ದರು. ನಾನು ಅನ್ನಕ್ಕೆ ಸಾರು ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಗೊಂಬೆ ಹೊರಬರುತ್ತಿತ್ತು.

“ನೋಡಪ್ಪ, ಇವಳು ರ‍್ಯಾಂಪ್ ಬಿಟ್ಟಳು. ಇವಳ ಹತ್ರ ಈಗ ಬರೀ ಲಾಗ ಇದೆ, ಬುಗುರಿ ಥರ ತಿರುಗೋ ಟ್ವಿಸ್ಟ್ ಇಲ್ಲ. ಗಾಳೀಲಿ ತಳ್ಳಕ್ಕೆ ನೆಲ ಇಲ್ಲ, ಗೋಡೆ ಇಲ್ಲ. ಟ್ವಿಸ್ಟ್ ಎಲ್ಲಿಂದ ತರ್ತಾಳೆ?”

“ಸೊಂಟ ತಿರುಗಿಸಿ?” ಎಂದೆ.

“ಅದು ಬೆಕ್ಕು ಮಾಡೋದು. ಇವಳು ಸೀದಾ ಕಡ್ಡಿ ಥರ ಇದ್ದಾಳೆ, ಎರಡೂ ಕೈ ಮೇಲಿದೆ. ಈಗ ಒಂದು ಕೈನ ಪಕ್ಕದಿಂದ ಜೋರಾಗಿ ಕೆಳಗಿಳಿಸ್ತಾಳೆ. ಕೈ ಈ ಕಡೆ ಹೋದ್ರೆ ಮೈ ಆ ಕಡೆ ಸ್ವಲ್ಪ ವಾಲತ್ತೆ. ಸ್ವಲ್ಪಾನೇ. ವಾಲಿದ ತಕ್ಷಣ ಆ ಲಾಗದಲ್ಲೇ ಒಂದು ಪಾಲು ಟ್ವಿಸ್ಟ್ ಆಗಿಬಿಡತ್ತೆ. ಕೈ ವಾಪಸ್ ಎತ್ತಿದ್ರೆ ಮೈ ನೆಟ್ಟಗಾಗತ್ತೆ, ಟ್ವಿಸ್ಟ್ ನಿಲ್ಲತ್ತೆ. ಎಲ್ಲಿಂದಲೂ ಏನೂ ಬರಲಿಲ್ಲ. ಗಾಳೀಲಿ ಹೋದ್ಮೇಲೆ ಹೊಸದಾಗಿ ಏನೂ ಸೇರಿಸಕ್ಕಾಗಲ್ಲ ಕಣೋ. ಇರೋದನ್ನೇ ಹಂಚ್ಕೋಬೇಕು.”

ಇಷ್ಟು ಹೇಳಿ ಗೊಂಬೆಯನ್ನು ಎಸೆಯುತ್ತಿದ್ದರು. ಅದು ಲಾಗ ಹಾಕಿ, ತಿರುಗಿ, ಸಾರಿನ ಪಾತ್ರೆಯೊಳಕ್ಕೆ ಬೀಳುತ್ತಿತ್ತು. ಅವರ ಗಂಡ ಡಾಕ್ಟರ್ ಅಂಕಲ್ ಅದನ್ನು ಸೌಟಿನಿಂದ ಎತ್ತಿ, ನಲ್ಲಿಯಲ್ಲಿ ತೊಳೆದು, ಒರೆಸಿ, ಹೆಂಡತಿಯ ಎಡೆಯ ಪಕ್ಕದಲ್ಲಿಟ್ಟು, ಮತ್ತೆ ಊಟಕ್ಕೆ ಕೂರುತ್ತಿದ್ದರು. ಅಷ್ಟು ದೊಡ್ಡ ಹೃದಯದ ಡಾಕ್ಟರು ಮನೆಯಲ್ಲಿ ಬೇರೆ ಯಾವ ಅಭಿಪ್ರಾಯವನ್ನೂ ಹೇಳಿದ್ದು ನಾನು ಕೇಳಿಲ್ಲ.

ಆಂಟಿಯ ವಾದ ಆಗಿನ ಕೋಚ್‌ಗಳಿಗೆ ಹಿಡಿಸುತ್ತಿರಲಿಲ್ಲ. ಅವರು ಕಲಿಸುತ್ತಿದ್ದದ್ದು ಬೇರೆ. ದಿಬ್ಬದ ಮೇಲೆ ಕಾಲಿರುವಾಗಲೇ ಹೆಗಲು ತಿರುಗಿಸು, ನೆಲವನ್ನೇ ಒದ್ದು ಟ್ವಿಸ್ಟ್ ಪಡೆದುಕೋ ಎನ್ನುತ್ತಿದ್ದರು. ಹಾಗೆ ಮಾಡಿದರೆ ಸ್ಕೀ ಸೊಟ್ಟಗೆ ಹೊರಡುತ್ತದೆ, ಸೊಟ್ಟಗೆ ಹೊರಟವರು ಸೊಟ್ಟಗೇ ಇಳಿಯುತ್ತಾರೆ, ಮಂಡಿ ಹೋಗುತ್ತದೆ ಎಂದು ಆಂಟಿ. ನೇರ ಹೊರಡಿ, ತಿರುಗುವುದನ್ನು ಗಾಳಿಗೆ ಹೋದ ಮೇಲೆ ಇಟ್ಟುಕೊಳ್ಳಿ ಎಂದು ಅವರು ಊರೂರಿಗೆ ಹೋಗಿ ಹೇಳಿದರು. ಸೀರೆಯ ಕೆಳಗೆ ಸ್ನೀಕರ್ಸ್ ಹಾಕಿದ, ಹಿಮ ಕಂಡರೆ ನಡುಗುವ ಒಬ್ಬ ಹೆಂಗಸು ಹಾರುವವರಿಗೆ ಹಾರುವುದನ್ನು ಹೇಳಿಕೊಡಲು ಬಂದರೆ ಯಾರು ಕೇಳುತ್ತಾರೆ. ಸಂಘದವರಂತೂ ಇನ್ನೂ ಕಷ್ಟ. ಯುಗಾದಿ ಊಟದಲ್ಲಿ ಒಬ್ಬ ಹಿರಿಯರು ಹೋಳಿಗೆ ಮುರಿಯುತ್ತ, “ಅಲ್ಲಮ್ಮ, ಇಷ್ಟು ಓದಿ ಈ ಲಾಗ ಗೀಗ ಯಾಕೆ? ಯಾವುದಾದ್ರೂ ಯೂಸ್‌ಫುಲ್ ಪ್ರಾಜೆಕ್ಟ್‌ಗೆ ಅಪ್ಲೈ ಮಾಡಬಾರ್ದಾ?” ಎಂದರು. ಆಂಟಿ ಎಲ್ಲರ ಮುಂದೆ ನಕ್ಕು ಇನ್ನೊಂದು ಹೋಳಿಗೆ ಬಡಿಸಿದರು. ಮನೆಗೆ ಬರುವಾಗ ಕಾರಿನಲ್ಲಿ ಮಾತ್ರ, “ಒಬ್ರು, ಒಬ್ರೇ ಒಬ್ರು ನಾನು ಹೇಳಿದ ಹಾಗೆ ತಿರುಗಿ ತೋರಿಸಿದ್ರೆ ಸಾಕು ಕಣೋ. ಆಮೇಲೆ ಯಾರು ಏನಾದ್ರೂ ಅಂದ್ಕೊಳ್ಳಲಿ” ಎಂದರು. ಇಷ್ಟು ವರ್ಷಗಳಲ್ಲಿ ಅವರು ನನ್ನ ಹತ್ತಿರ ಏನಾದರೂ ಬೇಕೆಂದು ಹೇಳಿದ್ದು ಅದೊಂದೇ ಸಲ.

ಆ ಒಬ್ಬಳು ಸಿಕ್ಕಿದಳು. ಹೆಸರು ಕೆಲ್ಲಿ. ಮೇರಿಲ್ಯಾಂಡಿನ ಹುಡುಗಿ, ಕಾಲೇಜು ಸೇರಿದ್ದಳು, ಚಳಿಗಾಲದಲ್ಲಿ ಸ್ಪರ್ಧೆಗಳಿಗೆ ಹೋಗುತ್ತಿದ್ದಳು. ಹಿಂದಿನ ವರ್ಷ ಟ್ವಿಸ್ಟ್ ಮಾಡಿ ಸೊಟ್ಟಗೆ ಇಳಿದು ಮಂಡಿ ಆಪರೇಷನ್ ಆಗಿತ್ತು. ಇನ್ನೊಂದು ಸಲ ಹಾಗೆ ಇಳಿದರೆ ಸ್ಕೀ ಮರೆತುಬಿಡು ಎಂದು ಅವಳ ಡಾಕ್ಟರು ಹೇಳಿದ್ದರು. ಟ್ವಿಸ್ಟ್ ಬರದಿದ್ದರೆ ಚಳಿಗಾಲಕ್ಕೆ ತಂಡದಲ್ಲಿ ಜಾಗವಿಲ್ಲ ಎಂದು ಅವಳ ಕೋಚ್ ಹೇಳಿದ್ದ. ಒಂದು ಬೇಸಿಗೆ ಉಳಿದಿತ್ತು. ಬೇರೆ ದಾರಿ ಕಾಣದೆ ಅವಳು ತನ್ನ ವೀಡಿಯೊ ಟೇಪುಗಳನ್ನು ಆಂಟಿಗೆ ಕಳಿಸಿದಳು. ಅದರಲ್ಲಿದ್ದದ್ದೆಲ್ಲ ಬರೀ ನೇರ ಲಾಗಗಳು, ಆಪರೇಷನ್ ಆದ ಮೇಲೆ ಅವಳು ಟ್ವಿಸ್ಟಿಗೆ ಕೈ ಹಾಕಿರಲಿಲ್ಲ.

ನನ್ನ ಕಂಪ್ಯೂಟರ್ ಪ್ರೋಗ್ರಾಮು ಕೆಲಸಕ್ಕೆ ಬಂದದ್ದು ಆಗ. ಅದು ಪರದೆಯ ಮೇಲೆ ಕಡ್ಡಿ ಮನುಷ್ಯನೊಬ್ಬನನ್ನು ಲಾಗ ಹಾಕಿಸುತ್ತಿತ್ತು. ಆ ಮನುಷ್ಯ ನನ್ನ ಹಾಗೆಯೇ ಇದ್ದಾನೆ, ಕಾಲರಾ ಆದವನ ಹಾಗೆ, ಎಂದು ನನ್ನ ರೂಮ್‌ಮೇಟ್ ಹೇಳುತ್ತಿದ್ದ. ನಾವು ಕೆಲ್ಲಿಯ ತೊಡೆ, ತೋಳು, ತಲೆ, ಸ್ಕೀ, ಬೂಟು ಎಲ್ಲದರ ಅಳತೆಯನ್ನೂ ತರಿಸಿ ತುಂಬಿದೆವು. ಸ್ಕೀ ಭಾರಕ್ಕೆ ಟ್ವಿಸ್ಟ್ ಎಷ್ಟು ನಿಧಾನವಾಗುತ್ತದೆ, ಕೈ ಯಾವಾಗ ಇಳಿಸಬೇಕು, ಯಾವಾಗ ಎತ್ತಬೇಕು ಎಲ್ಲ ಲೆಕ್ಕ ಬಂತು. ಚಿಮ್ಮಿ, ದೇಹ ನೆಟ್ಟಗಾದ ಮೇಲೆ ಬಲಗೈ ಇಳಿಸಬೇಕು. ಕಡ್ಡಿ ಮನುಷ್ಯ ಬಲಗೈ ಇಳಿಸಿ, ಬಲಕ್ಕೆ ಒಂದು ಸುತ್ತು ತಿರುಗಿ, ಚಂದವಾಗಿ ಇಳಿದ. ಆಂಟಿ ಪರದೆಗೆ ದೃಷ್ಟಿ ತೆಗೆದರು.

ಜೂನ್ ತಿಂಗಳ ಒಂದು ಶುಕ್ರವಾರ ಅವರ ಹಳೆಯ ಸ್ಟೇಷನ್ ವ್ಯಾಗನ್ನಿನಲ್ಲಿ ಮೇರಿಲ್ಯಾಂಡಿಗೆ ಹೊರಟೆವು. ಬೆಳಗ್ಗೆ ಹೊರಟರೆ ಸಂಜೆ ತಲುಪುವ ದಾರಿ. ಹಿಂದೆ ಕೂಲರಿನಲ್ಲಿ ಮೊಸರನ್ನ. ಡ್ರೈವ್ ಮಾಡುತ್ತಿದ್ದವರು ಆಂಟಿ. ಸ್ಟೀರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿ, “ಇಲ್ಲಿ ನೋಡು, ಇಲ್ಲಿಂದ ಸ್ಟಾರ್ಟ್ ಮಾಡಿದ್ರೆ” ಎನ್ನುವಾಗ ಪಕ್ಕದಲ್ಲಿ ದೊಡ್ಡ ಟ್ರಕ್ಕೊಂದು ಹಾರ್ನ್ ಹೊಡೆಯುತ್ತಿತ್ತು. ಎರಡೂ ಕೆರೊಲಿನಾಗಳನ್ನು ನಾನು ಕಣ್ಣು ಮುಚ್ಚಿಕೊಂಡು ದಾಟಿದೆ. ಆ ರಾಜ್ಯಗಳ ಸೌಂದರ್ಯದ ಬಗ್ಗೆ ನನ್ನನ್ನು ಯಾರೂ ಕೇಳಬಾರದು.

ಕೆಲ್ಲಿ ಅಭ್ಯಾಸ ಮಾಡುವ ಜಿಮ್ಮಿನಲ್ಲಿ, ನೆಗೆದವರನ್ನು ಮೇಲಕ್ಕೆ ಚಿಮ್ಮಿಸುವ ಒಂದು ಟ್ರ್ಯಾಂಪೊಲಿನ್ ಇತ್ತು, ಅದರ ಮೇಲೆ ಛಾವಣಿಯಿಂದ ಎರಡು ಹಗ್ಗ, ರಾಟೆ. ಹಗ್ಗದ ತುದಿಗೆ ಸೊಂಟಕ್ಕೆ ಹಾಕುವ ಬಳೆಯಂಥ ಬೆಲ್ಟು. ಅದನ್ನು ಕಟ್ಟಿಕೊಂಡವರು ಲಾಗವನ್ನೂ ಹಾಕಬಹುದು, ಮೈಯನ್ನೂ ತಿರುಗಿಸಬಹುದು, ತಪ್ಪಿದರೆ ಕೋಚ್ ಹಗ್ಗ ಎಳೆದು ಮೇಲೆಯೇ ನಿಲ್ಲಿಸುತ್ತಾನೆ. ಕೆಲ್ಲಿ ನೆಗೆದಳು, ಲಾಗ ಹಾಕಿದಳು, ಬಲಗೈ ಇಳಿಸಿದಳು. ಏನೂ ಆಗಲಿಲ್ಲ. ಅರ್ಧ ತಿರುಗಿ, ಎಲ್ಲೋ ಸಿಕ್ಕಿಕೊಂಡವಳ ಹಾಗೆ ಅಡ್ಡಡ್ಡ ನಿಂತಳು. ಮತ್ತೆ ನೆಗೆದಳು, ಮತ್ತೆ ಅದೇ. ಶುಕ್ರವಾರ ಸಂಜೆ ಹೋಯಿತು, ಶನಿವಾರ ಪೂರ್ತಿ ಹೋಯಿತು. ಕಡ್ಡಿ ಮನುಷ್ಯನಿಗೆ ಬಂದದ್ದು ಜೀವ ಇರುವ ಹುಡುಗಿಗೆ ಬರಲಿಲ್ಲ. ಕೋಚ್ ತನಗನಿಸಿದ್ದನ್ನೆಲ್ಲ ಹಗ್ಗ ಎಳೆಯುವುದರಲ್ಲೇ ಹೇಳುತ್ತಿದ್ದ. ಸಂಜೆ ಕೆಲ್ಲಿ ಮಂಡಿಗೆ ಮಂಜುಗಡ್ಡೆ ಇಟ್ಟುಕೊಂಡು ಗೋಡೆಗೆ ಮುಖ ಮಾಡಿ ಕೂತಳು. ಅಳುತ್ತಿದ್ದಾಳೆಂದು ಅವಳ ಬೆನ್ನು ನೋಡಿದರೆ ತಿಳಿಯುತ್ತಿತ್ತು.

ಆಂಟಿ ಮೋಟೆಲಿಗೆ ಬರುವಾಗ ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದಿದ್ದರು. ನನಗೆ ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

“ಪ್ರೋಗ್ರಾಮ್‌ನಲ್ಲಿ ಏನಾದ್ರೂ ತಪ್ಪಿದೆಯೇನೋ?”

“ಇಲ್ಲ ಆಂಟಿ. ಎಲ್ಲ ಚೆಕ್ ಮಾಡಿದೀನಿ,” ಎಂದೆ, ತಿಪ್ಪರಲಾಗ ಹಾಕಿದರೂ ತಪ್ಪು ಕಂಡುಹಿಡಿಯಲಾರದವನ ಧೈರ್ಯದಿಂದ.

“ಹಾಗಾದ್ರೆ ನಾನೇ ತಪ್ಪಿರಬೇಕು. ಇಷ್ಟು ವರ್ಷ ಗೊಂಬೆ ಎಸೆದಿದ್ದೇ ಬಂತು,” ಎಂದರು.

ಭಾನುವಾರ ಬೆಳಗ್ಗೆ ವಾಪಸ್ ಹೊರಡುವ ಮುನ್ನ ಅಲ್ಲೇ ಹತ್ತಿರದ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಹೋಗೋಣ ಎಂದರು. ದಾರಿಯಲ್ಲಿ ಕೆಲ್ಲಿಗೆ ಹೇಳಿ ಹೋಗಲು ನಿಲ್ಲಿಸಿದೆವು. ಅವಳು, ತಾನೂ ಬರಬಹುದೇ ಎಂದು ಕೇಳಿದಳು. ಪಾಪ, ಅವಳಿಗೂ ಯಾವ ದೇವರಾದರೂ ಆಗುತ್ತಿದ್ದ ಸ್ಥಿತಿ. ಬಂದಳು, ಬಾಗಿಲಲ್ಲಿ ಶೂ ಬಿಟ್ಟಳು, ನಾವು ಕೈ ಮುಗಿದಲ್ಲಿ ಮುಗಿದಳು. ಮಂಗಳಾರತಿಯಾಯಿತು. ಸಾಲಿನಲ್ಲಿದ್ದ ಎಲ್ಲರೂ ನಿಂತಲ್ಲೇ ತಮ್ಮ ಸುತ್ತ ತಾವು ತಿರುಗಿ ಆತ್ಮಪ್ರದಕ್ಷಿಣೆ ಮಾಡತೊಡಗಿದರು. ಆಂಟಿ ತಿರುಗಿದರು, ನಾನು ತಿರುಗಿದೆ. ನಡುವೆ ಇದ್ದ ಕೆಲ್ಲಿಯೂ ನೋಡಿ ತಿರುಗಿದಳು. ಇಡೀ ಸಾಲು ಬಲಕ್ಕೆ ತಿರುಗುತ್ತಿದ್ದರೆ ಅವಳೊಬ್ಬಳು ಎಡಕ್ಕೆ ತಿರುಗಿ, ಆಂಟಿಯ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನಿಂತಳು.

ಆಂಟಿ ಕಂಬವಾಗಿ ನಿಂತುಬಿಟ್ಟರು. ಭಕ್ತಿಯಿಂದಲ್ಲ ಎಂದು ನನಗೆ ಗೊತ್ತಾಯಿತು. ಹುಡುಗಿಯನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಇಂಗ್ಲಿಷಿನಲ್ಲಿ ಕೇಳಿದರು.

“ನೀನು ಯಾಕೆ ಆ ಕಡೆ ತಿರುಗಿದೆ?”

ಕೆಲ್ಲಿಯ ಮುಖ ಕೆಂಪಾಯಿತು. “ತಪ್ಪಾಯಿತಾ? ನಾನು ಯಾವಾಗಲೂ ಈ ಕಡೆಗೇ ತಿರುಗುವುದು. ಡ್ಯಾನ್ಸ್, ಡೈವಿಂಗ್, ಎಲ್ಲದರಲ್ಲೂ.”

“ಟ್ವಿಸ್ಟ್?”

“ಟ್ವಿಸ್ಟ್ ಕೂಡ.”

“ಮತ್ತೆ ನಾನು ಬಲಗೈ ಇಳಿಸು ಅಂತ ಹೇಳುತ್ತಿದ್ದಾಗ ಯಾಕಮ್ಮ ಸುಮ್ಮನಿದ್ದೆ?”

“ನೀವು ಪ್ರೊಫೆಸರ್. ನಿಮಗೆ ಗೊತ್ತಿರುತ್ತೆ, ನನ್ನ ಹಳೆಯ ಅಭ್ಯಾಸ ಬಿಡಿಸುತ್ತಿದ್ದೀರಿ ಅಂದುಕೊಂಡೆ.”

ಆಂಟಿ ನನ್ನ ಕಡೆ ತಿರುಗಿದರು. “ಅವಳ ಬೂಟಿನ ತೂಕ ಅಳೆದ್ವಿ ಕಣೋ. ಯಾವ ಕಡೆ ತಿರುಗ್ತೀಯಮ್ಮ ಅಂತ ಕೇಳಲೇ ಇಲ್ಲ.”

ಪ್ರೋಗ್ರಾಮಿನಲ್ಲಿ ಬಲಕ್ಕೆ ಎಂದು ಹಾಕಿದವರು ಯಾರು ಎಂದು ನಾವಿಬ್ಬರೂ ಆಮೇಲೆ ಯೋಚಿಸಿ ನೋಡಿದೆವು. ಯಾರೂ ನಿರ್ಧಾರ ಮಾಡಿರಲಿಲ್ಲ. ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ತುಳಸಿಕಟ್ಟೆ, ಅಶ್ವತ್ಥಕಟ್ಟೆ, ಗುಡಿ, ಎಲ್ಲವನ್ನೂ ಹುಟ್ಟಿದಾಗಿನಿಂದ ಬಲಕ್ಕೇ ಸುತ್ತಿದ ಇಬ್ಬರಿಗೆ, ತಿರುಗುವುದು ಎಂದರೆ ಬಲಕ್ಕೆ ತಿರುಗುವುದು. ಅದರಲ್ಲಿ ಇನ್ನೊಂದು ಕಡೆ ಇದೆ ಎಂದು ಹೊಳೆಯಲೇ ಇಲ್ಲ. “ಚಿಕ್ಕವಳಿದ್ದಾಗ ಆಟಕ್ಕೆ ಎಡಕ್ಕೆ ಸುತ್ತಿದ್ರೆ ನಮ್ಮಜ್ಜಿ ಬೆನ್ನಿಗೆ ಹಾಕೋರು,” ಎಂದರು ಆಂಟಿ. “ಎಡಕ್ಕೆ ಸುತ್ತೋದು ಹೆಣದ ಸುತ್ತ ಮಾತ್ರ ಅಂತ.”

ವಾಪಸ್ ಹೊರಡುವುದು ರದ್ದಾಯಿತು. ನೇರ ಜಿಮ್ಮಿಗೆ ಹೋದೆವು. ಕೈ ಬದಲಾಯಿಸು ಎಂದು ಹುಡುಗಿಗೆ ಹೇಳಿದರೆ ಮುಗಿಯುತ್ತಿತ್ತು. ಬೇರೆ ಯಾವ ಪ್ರೊಫೆಸರಾದರೂ ಲೆಕ್ಕದಲ್ಲಿ ಸಣ್ಣ ತಿದ್ದುಪಡಿ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ಆಂಟಿ ಹಾಗೆ ಮಾಡಲಿಲ್ಲ. ಕೋಚ್ ಎದುರಿಗೆ ನಿಂತು, “ತಪ್ಪು ನನ್ನದು. ಇವಳು ಎಡಕ್ಕೆ ತಿರುಗುವವಳು. ನಾನು ಕೇಳಲಿಲ್ಲ” ಎಂದರು. ಆಮೇಲೆ ಆ ಬೆಲ್ಟನ್ನು ನೋಡುತ್ತ ನಿಂತರು. ನೋಡಿ ನೋಡಿ ನನ್ನನ್ನು ಕರೆದರು.

“ನಿನ್ನ ಬ್ಯಾಗಲ್ಲಿ ಪೈಜಾಮ ಇದೆಯೇನೋ?”

“ಇದೆ. ಯಾಕೆ ಆಂಟಿ?”

“ಕೊಡು. ಸೀರೇಲಿ ಲಾಗ ಹಾಕಕ್ಕಾಗಲ್ಲ. ರೂಢಿ ಇಲ್ಲದ ಕಡೆ ತಿರುಗೋದು ಹೇಗಿರತ್ತೆ ಅಂತ ನನಗೂ ಗೊತ್ತಾಗ್ಬೇಕು.”

ನಾನು ಬೇಡವೆಂದೆ. ಕೋಚ್ ಬೇಡವೆಂದ. ಎಸ್ಕಲೇಟರ್ ಹತ್ತದವರು ನೀವು ಎಂದು ನೆನಪಿಸಿದೆ. “ಎಸ್ಕಲೇಟರ್‌ಗೆ ಹಗ್ಗ ಇರಲ್ಲ,” ಎಂದರು. ಬಟ್ಟೆ ಬದಲಿಸುವ ಕೋಣೆಯಿಂದ ಹೊರಬಂದಾಗ ನನ್ನ ಪೈಜಾಮದ ಮೇಲೆ ಜಿಮ್ಮಿನವರು ಕೊಟ್ಟ ದೊಗಲೆ ಟೀ ಶರ್ಟು, ಹಣೆಯಲ್ಲಿ ಆಗಷ್ಟೇ ಇಟ್ಟ ದೇವಸ್ಥಾನದ ಕುಂಕುಮ. ಲಾಡಿ ನನ್ನ ಸೊಂಟದ ಅಳತೆಯದು, ಅದರ ಕಥೆ ಬೇರೆ. ಕೆಲ್ಲಿ ತಾನೇ ಬೆಲ್ಟ್ ಕಟ್ಟಿ, ಮೂರು ಸಲ ಎಳೆದು ನೋಡಿ, “ಎಡಗೈ. ನೆನಪಿರಲಿ. ಎಡಗೈ ಇಳಿಸಿ” ಎಂದಳು. ಕೋಚ್ ಒಂದು ಹಗ್ಗ, ಇನ್ನೊಬ್ಬ ಆಳು ಇನ್ನೊಂದು ಹಗ್ಗ ಹಿಡಿದರು. ಆಂಟಿ ನೆಗೆದರು, ಅವರು ಎಳೆದರು, ಮೈಸೂರು ಮಹಾರಾಣಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದ ಆ ಹಿರಿಯ ಹೆಂಗಸು ಹಿಮ್ಮುಖವಾಗಿ ಸೂರಿನ ಕಡೆಗೆ ಕಾಲು ಮಾಡಿದರು.

ಆಗ ಎಲ್ಲರೂ ನೋಡಿದೆವು. ಅವರ ಎಡಗೈ ಮೇಲೆಯೇ ನಿಂತಿತ್ತು. ಇಳಿದದ್ದು ಬಲಗೈ. ಮೈ ಬಲಕ್ಕೆ ಒಂದಿಷ್ಟು ತಿರುಗಿ ಹಗ್ಗ ಸುತ್ತಿಕೊಂಡಿತು. ತಲೆ ಕೆಳಗಾಗಿ, ಕನ್ನಡಕ ಇಲ್ಲದೆ, ಜಡೆ ನೇತಾಡುತ್ತ ಅವರು ಕೆಲ್ಲಿಯನ್ನು ಹುಡುಕಿದರು.

“ಸಾರಿ ಮಗು,” ಎಂದರು. “ನನ್ನ ಕೈ ನನ್ನ ಮಾತೇ ಕೇಳಲಿಲ್ಲ. ನಾನು ನಿನಗೆ ಇದನ್ನೇ ಹೇಳ್ತಾ ಇದ್ದೆ.”

ಅದು ಅವರ ಬಾಯಿಂದ ಅರ್ಧ ಕನ್ನಡದಲ್ಲಿ ಬಂತು. ಕೆಲ್ಲಿಗೆ ಅರ್ಥವಾಯಿತು. ನಾನು ಅಲ್ಲಿ ನಗಬೇಕಿತ್ತು, ನಗುವವನೂ ನಾನೇ, ಆದರೆ ನಗು ಬರಲಿಲ್ಲ. ತಮ್ಮ ತಪ್ಪು ಇನ್ನೊಬ್ಬರ ಮೈಯಲ್ಲಿ ಹೇಗಿರುತ್ತದೆ ಎಂದು ನೋಡಲು ಅಷ್ಟು ಮೇಲೆ ಹೋದವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಅವರನ್ನು ಇಳಿಸಿದ ಮೇಲೆ ಕೆಲ್ಲಿ ಹತ್ತಿದಳು. ನೆಗೆದಳು, ನೆಟ್ಟಗಾದಳು, ಎಡಗೈ ಇಳಿಸಿದಳು. ಯಾರೋ ಮೇಲಿನಿಂದ ತಿರುಗಿಸಿದ ಹಾಗೆ ಮೈ ಸುಮ್ಮನೆ ಒಂದು ಸುತ್ತು ಬಂತು. ಕೈ ಎತ್ತಿದಳು, ನಿಂತಿತು, ಕಾಲ ಮೇಲೆ ಇಳಿದಳು. ಕೋಚ್ ಹಗ್ಗವನ್ನು ಎಳೆಯುವುದನ್ನೇ ಮರೆತಿದ್ದ. ಆಂಟಿ ಪೈಜಾಮದಲ್ಲೇ ನೆಲದ ಮೇಲೆ ಕುಳಿತಿದ್ದರು. ಅವರಿಗೆ ತಲೆ ಸುತ್ತುತ್ತಿತ್ತು.

ಹಗ್ಗದಲ್ಲಿ ಬಂದದ್ದು ಹಗ್ಗವಿಲ್ಲದೆ ಬರಬೇಕಲ್ಲ. ಬೇಸಿಗೆಯ ಕೊನೆಗೆ ಉತ್ತರ ಕೆರೊಲಿನಾದ ಗುಡ್ಡಗಳ ನಡುವಿನ ಒಂದು ಕೆರೆಗೆ ಹೋದೆವು. ಅಲ್ಲಿ ಸ್ಕೀ ಕ್ಲಬ್ಬಿನವರು ಮರದ ರ‍್ಯಾಂಪ್ ಕಟ್ಟಿ, ಬ್ರಷ್ಷಿನಂಥ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ನೀರು ಬಿಡುತ್ತಿದ್ದರು. ಹಿಮ ಬೀಳುವವರೆಗೆ ಹಾರುವವರು ಅದರ ಮೇಲೆ ಜಾರಿ ಬಂದು ಕೆರೆಗೆ ಬೀಳುತ್ತಾರೆ. ಕ್ಯಾಮೆರಾ ಹಿಡಿಯುವ ಕೆಲಸ ನನ್ನದು. “ಒಂದು ಫ್ರೇಮೂ ಬಿಡಬೇಡ. ಈ ಟೇಪ್ ಒಂದಿದ್ರೆ ಯಾರ ಹತ್ರಾನೂ ಮಾತಾಡೋ ಅಗತ್ಯ ಇಲ್ಲ,” ಎಂದು ಆಂಟಿ ದಾರಿಯುದ್ದಕ್ಕೂ ಹೇಳಿದ್ದರು.

ಕೆಲ್ಲಿ ರ‍್ಯಾಂಪಿನ ತುದಿಯಲ್ಲಿ ನಿಂತಾಗ ಆಂಟಿ ಕಣ್ಣು ಮುಚ್ಚಿಕೊಂಡರು. ಜೀವಮಾನವೆಲ್ಲ ಇದನ್ನು ನೋಡಬೇಕೆಂದು ಕಾದವರು ಸೆರಗನ್ನು ಮುಖಕ್ಕೆ ಒತ್ತಿಕೊಂಡು ನನ್ನ ತೋಳು ಹಿಡಿದರು.

“ನೀನೇ ಹೇಳೋ.”

“ಬಂದಳು ಆಂಟಿ.”

“ನೇರ ಇದ್ದಾಳಾ?”

“ನೇರ ಇದ್ದಾಳೆ.”

“ಕೈ?”

“ಎಡಗೈ. ಇಳಿಸಿದಳು. ತಿರುಗ್ತಾ ಇದ್ದಾಳೆ. ಸೀದಾ ಇಳಿದಳು ಆಂಟಿ, ಎರಡೂ ಸ್ಕೀ ಸೀದಾ.”

ನೀರು ಹಾರಿದ ಸದ್ದಿಗೆ ಅವರು ಸೆರಗು ತೆ​ಗೆದರು. ಹುಡುಗಿ ಕೆರೆಯಿಂದ ತಲೆ ಎತ್ತಿ ಎಡಗೈ ಬೀಸುತ್ತಿದ್ದಳು. ಆಂಟಿ ನನ್ನ ತೋಳಿನ ಮೇಲೆಯೇ ತಲೆಯಿಟ್ಟು ಅತ್ತರು. ಅದು ಸಂತೋಷದ ಅಳು, ನನಗೂ ಬಂತು.

ಆಮೇಲೆ ಮೋಟೆಲಿನಲ್ಲಿ ಟೇಪ್ ಹಾಕಿ ನೋಡಿದರೆ ನನ್ನ ಬೂಟುಗಳು. ಬಾಯಿ ತೆರೆದು ಆಕಾಶ ನೋಡುತ್ತಿದ್ದ ನಾನು ಕ್ಯಾಮೆರಾವನ್ನು ನೆಲಕ್ಕೆ ಹಿಡಿದಿದ್ದೆ. ಶುರುವಿನಿಂದ ಕೊನೆಯವರೆಗೆ ಎರಡು ಬೂಟು, ಒಂದರ ಲೇಸು ಬಿಚ್ಚಿದೆ, ಹಿನ್ನೆಲೆಯಲ್ಲಿ ‘ಎಡಗೈ, ಇಳಿಸಿದಳು’ ಎಂದು ನನ್ನ ಕೀರಲು ದನಿ. ಕೆಲ್ಲಿ ಮಾರನೆಯ ದಿನ ಮತ್ತೆ ಹಾರಿದಳು, ಕೋಚ್ ಅದನ್ನು ಹಿಡಿದ, ವಿಜ್ಞಾನ ಲೋಕಕ್ಕೆ ತೋರಿಸಿದ್ದು ಅದನ್ನೇ. ಮನೆಗೆ ಬಂದವರಿಗೆ ಆಂಟಿ ತೋರಿಸುತ್ತಿದ್ದದ್ದು ಮಾತ್ರ ಬೂಟಿನ ಟೇಪು. ಹೋಳಿಗೆಯ ಹಿರಿಯರಿಗೂ ತೋರಿಸಿದರು. ಅವರು ಕೊನೆಯವರೆಗೂ ಲಾಗ ಯಾವಾಗ ಬರುತ್ತದೆ ಎಂದು ಕಾದಿದ್ದರು.

ಕೆಲ್ಲಿ ಆ ಚಳಿಗಾಲ ತಂಡದಲ್ಲಿದ್ದಳು, ಇನ್ನೂ ಕೆಲವು ಚಳಿಗಾಲ ಇದ್ದಳು. ದೊಡ್ಡ ಹೆಸರೇನೂ ಮಾಡಲಿಲ್ಲ. ಆದರೆ ಮಂಡಿ ಉಳಿಯಿತು, ಸಾಕೆನಿಸಿದಾಗ ತಾನಾಗಿ ಬಿಟ್ಟು, ಶಾಲೆಯೊಂದರಲ್ಲಿ ಆಟದ ಟೀಚರ್ ಆದಳು. ಪ್ರತಿ ವರ್ಷ ದೀಪಾವಳಿಗೆ ಆಂಟಿಗೆ ಫೋನ್ ಮಾಡುತ್ತಿದ್ದಳು. ನಾನು ಪಿಎಚ್.ಡಿ. ಮುಗಿಸಲಿಲ್ಲ. ಅಟ್ಲಾಂಟಾ ಪಕ್ಕದ ಡುಲುತ್‌ನ ಒಂದು ಸಾಫ್ಟ್‌ವೇರ್ ಕಂಪನಿ ಸೇರಿ, ಹೊಸ ಶತಮಾನ ಬಂದಾಗ ಜಗತ್ತಿನ ಕಂಪ್ಯೂಟರುಗಳು ಕುಸಿಯದಿರಲೆಂದು ಎರಡಂಕಿಯ ವರ್ಷಗಳನ್ನು ನಾಲ್ಕಂಕಿ ಮಾಡುತ್ತ ಕುಳಿತೆ. ಅಪ್ಪ ಇದನ್ನೂ ರಾಕೆಟ್ ಎಂದೇ ಹೇಳಿದರು.

ಆಂಟಿಗೆ ಕಾಯಿಲೆ ಎಂದು ತಿಳಿದದ್ದು ಆ ಕಾಲದಲ್ಲಿ. ವಾಸಿಯಾಗುವುದಲ್ಲ ಎಂದು ಡಾಕ್ಟರ್ ಅಂಕಲ್‌ಗೆ ಎಲ್ಲರಿಗಿಂತ ಮುಂಚೆ ಗೊತ್ತಿತ್ತು. ನಾನು ನೋಡಲು ಹೋದಾಗ ಆಂಟಿ ಹಾಸಿಗೆಯ ಮೇಲೆ ಸೀರೆ, ಪುಸ್ತಕ, ಪಾತ್ರೆ ಹರಡಿಕೊಂಡು ಯಾರಿಗೆ ಯಾವುದು ಎಂದು ಬೇರೆ ಮಾಡುತ್ತಿದ್ದರು. ಗೊಂಬೆಯನ್ನು ಕೆಲ್ಲಿಗೆಂದು ತೆಗೆದಿಟ್ಟಿದ್ದರು.

“ಗಾಳೀಲಿದೀನಿ ಕಣೋ,” ಎಂದರು. “ಸೇರಿಸಕ್ಕೇನೂ ಇಲ್ಲ. ಇರೋದನ್ನ ಹಂಚ್ತಾ ಇದೀನಿ.”

ನನ್ನ ಪಾಲಿಗೆ ಒಂದು ಪೊಟ್ಟಣ ಕೊಟ್ಟರು. ಒಗೆದು, ಇಸ್ತ್ರಿ ಮಾಡಿ, ಮಡಿಸಿದ ನೀಲಿ ಗೀಟಿನ ಪೈಜಾಮ. ಇಷ್ಟು ವರ್ಷ ಕೇಳಿದಾಗಲೆಲ್ಲ ಅದು ಲ್ಯಾಬಿನ ಆಸ್ತಿ ಎಂದು ಗದರಿಸಿ ಕಳಿಸುತ್ತಿದ್ದರು. “ಲಾಡಿ ಉದ್ದ ಮಾಡಿಸಿದೀನಿ. ನಿನಗೂ ಬೇಕಾಗತ್ತೆ, ಹೊಟ್ಟೆ ನೋಡ್ಕೋ,” ಎಂದರು. ನಾನು ನಗುತ್ತಲೇ ಹೊರಗೆ ಬಂದು, ಕಾರಿನಲ್ಲಿ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ.

ಅಂತ್ಯಕ್ರಿಯೆ ಅಟ್ಲಾಂಟಾದ ಫ್ಯೂನರಲ್ ಹೋಮಿನಲ್ಲಿ ನಡೆಯಿತು. ಕಾರ್ಪೆಟ್ ಹಾಸಿದ ಹಾಲು, ನಡುವೆ ಆಂಟಿ, ಹಸಿರು ರೇಷ್ಮೆ ಸೀರೆ, ಹಣೆಯಲ್ಲಿ ಕುಂಕುಮ. ಸಂಘದವರೆಲ್ಲ ಬಂದಿದ್ದರು, ಹೋಳಿಗೆಯ ಹಿರಿಯರೂ. ಕೆಲ್ಲಿ ಮೇರಿಲ್ಯಾಂಡಿನಿಂದ ಡ್ರೈವ್ ಮಾಡಿಕೊಂಡು ಬಂದು, ಕಪ್ಪು ಬಟ್ಟೆಯಲ್ಲಿ, ಬಿಳಿ ಸೀರೆ ಸಲ್ವಾರುಗಳ ನಡುವೆ ಹಿಂದೆ ನಿಂತಿದ್ದಳು. ಮಂತ್ರ ಮುಗಿದು, ಎಲ್ಲರೂ ಒಂದು ಸುತ್ತು ಬಂದು ಹೂವು ಹಾಕಬೇಕೆಂದು ಪುರೋಹಿತರು ಹೇಳಿದರು. “ಅಪ್ರದಕ್ಷಿಣೆ,” ಎಂದು ಸೇರಿಸಿದರು. ಆದರೆ ಡಾಕ್ಟರುಗಳು, ಎಂಜಿನಿಯರುಗಳು, ನಾವೆಲ್ಲ ಹೂವು ಹಿಡಿದು ಮೈಗೆ ರೂಢಿಯಾದ ಹಾಗೆ ಹೊರಟೆವು. ಪುರೋಹಿತರು ಅಯ್ಯೋ ಆ ಕಡೆಯಲ್ಲ ಎಂದು ತಡೆದರು. ಮುಂದಿನವರು ಹಿಂದಕ್ಕೆ, ಹಿಂದಿನವರು ಮುಂದಕ್ಕೆ ಆಗಿ, ಎಲ್ಲರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತೆವು. ಆಂಟಿ ಇದ್ದಿದ್ದರೆ ತುಂಬ ನಗುತ್ತಿದ್ದರು.

ಆ ಗೊಂದಲದಲ್ಲಿ ಕೆಲ್ಲಿ ನನ್ನ ಪಕ್ಕಕ್ಕೆ ಬಂದಳು. ದೇವಸ್ಥಾನದ ಆ ಬೆಳಗ್ಗೆ ಅವಳಿಗೂ ನೆನಪಿತ್ತೆಂದು ಕಾಣುತ್ತದೆ. ಮೆಲ್ಲಗೆ, ಹೆದರಿಕೊಂಡೇ ಕೇಳಿದಳು.

“ಯಾವ ಕಡೆ ತಿರುಗಬೇಕು? ಇವತ್ತು ತಪ್ಪು ಮಾಡಬಾರದು.”

“ಇವತ್ತು ನಿನ್ನ ಕಡೆ,” ಎಂದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಎಲ್ಲರನ್ನೂ ದಾಟಿ ಮುಂದೆ ಹೋಗಿ, ಆಂಟಿಯನ್ನು ಎಡಕ್ಕೆ ಇಟ್ಟುಕೊಂಡು ಎಡಸುತ್ತು ಹೊರಟಳು. ಅವಳ ಹಿಂದೆ ಡಾಕ್ಟರ್ ಅಂಕಲ್, ಅವರ ಹಿಂದೆ ನಾನು, ನನ್ನ ಹಿಂದೆ ಬಲಕ್ಕೆ ತಿರುಗಿ ಮಾತ್ರ ಗೊತ್ತಿದ್ದ ಆ ಊರಿನ ಕನ್ನಡದವರೆಲ್ಲ, ಅವಳ ಹೆಜ್ಜೆ ನೋಡಿಕೊಂಡು ಆಂಟಿಯ ಸುತ್ತ ಬಂದೆವು.